ವಿಳಾಸದ ವಹಿ ಯಾರ ಕೈಲಿದೆ

ಸರ್ಕಾರದ, ವಿಶ್ವವಿದ್ಯಾಲಯದ, ದೊಡ್ಡ ಬಂಡವಾಳದ ಹಂಗಿಲ್ಲದೆ ಒಬ್ಬಿಬ್ಬರು ತಮ್ಮ ಅಭಿರುಚಿಯನ್ನೇ ನೆಚ್ಚಿ ನಡೆಸುವ ಪುಸ್ತಕದ ಕಸುಬಿಗೆ ಸ್ವತಂತ್ರ ಪ್ರಕಾಶನ ಎಂದು ಹೆಸರು. ಕನ್ನಡದಲ್ಲಿ ಅದರ ಭವಿಷ್ಯದ ಬಗ್ಗೆ ಹತ್ತು ಹದಿನೈದು ವರ್ಷಗಳಿಂದ ಒಂದು ವಾದ ಬೇರುಬಿಟ್ಟು ಕೂತಿದೆ. ಕಾಗದ ತುಟ್ಟಿಯಾಯಿತು, ಪುಸ್ತಕ ಪೇರಿಸಿಡಲು ಜಾಗವಿಲ್ಲ, ಅಂಗಡಿಗಳು ಮುಚ್ಚುತ್ತಿವೆ, ಹೊಸ ತಲೆಮಾರು ಮೊಬೈಲಿನಲ್ಲೇ ಓದುತ್ತದೆ. ಹಾಗಾಗಿ ಅಚ್ಚಿನ ಪುಸ್ತಕ ಇನ್ನು ಕೆಲವೇ ವರ್ಷಗಳ ಮಾತು, ಡಿಜಿಟಲ್ಲಿಗೆ ಹೋದವನು ಉಳಿಯುತ್ತಾನೆ, ಹೋಗದವನು ಗೆದ್ದಲಿಗೆ ಆಹಾರ ಒದಗಿಸುತ್ತಾನೆ ಎಂಬುದು ಅದರ ಸಾರ. ಇದರ ಬೆನ್ನಿಗೇ ಒಂದು ಆಶ್ವಾಸನೆಯೂ ಬರುತ್ತದೆ. ಪರದೆಯ ಮೇಲೆ ಮಧ್ಯವರ್ತಿಗಳಿಲ್ಲ, ಲೇಖಕನೂ ಓದುಗನೂ ಎದುರುಬದುರು ಕೂರುತ್ತಾರೆ, ಬಡ ಪ್ರಕಾಶಕನಿಗೂ ಜಗತ್ತೇ ಪೇಟೆ.

ಈ ವಾದವನ್ನು ಎದುರಿಸುವವರು ಸಾಮಾನ್ಯವಾಗಿ ಹೊಸ ಪುಸ್ತಕದ ವಾಸನೆಯನ್ನು ಮುಂದೆ ಮಾಡುತ್ತಾರೆ. ವಾಸನೆಯಿಂದ ಯಾವ ವಾದವೂ ಗೆಲ್ಲುವುದಿಲ್ಲ. ವಿಚಿತ್ರವೆಂದರೆ ಕಾಗದದ ಭಕ್ತರೂ ಪರದೆಯ ಭಕ್ತರೂ ಒಂದು ನಂಬಿಕೆಯನ್ನು ಹಂಚಿಕೊಂಡಿದ್ದಾರೆ: ಪ್ರಕಾಶನದ ಅಳಿವು ಉಳಿವು ಅದರ ಮಾಧ್ಯಮದಲ್ಲಿದೆ ಎಂದು. ಕನ್ನಡ ಪ್ರಕಾಶನದ ನೂರು ವರ್ಷದ ಅನುಭವ ಈ ನಂಬಿಕೆಗೆ ಎಲ್ಲೂ ಸಾಕ್ಷಿ ನುಡಿಯುವುದಿಲ್ಲ. ಓದುಗರ ವಿಳಾಸಗಳು ಯಾರ ವಹಿಯಲ್ಲಿವೆ, ಅವರು ಕೊಟ್ಟ ದುಡ್ಡು ಮೊದಲು ಯಾರ ಕೈಸೇರುತ್ತದೆ ಎಂಬ ಎರಡು ಸಂಗತಿಗಳ ಮೇಲೆ ಪ್ರಕಾಶಕನ ಸ್ವಾತಂತ್ರ್ಯ ನಿಂತಿತ್ತು, ಈಗಲೂ ನಿಂತಿದೆ.

ಮೊದಲು ಖರ್ಚಿನ ವಾದವನ್ನೇ ನೋಡಬಹುದು. ಇ-ಪುಸ್ತಕಕ್ಕೆ ಕಾಗದವಿಲ್ಲ, ಬೈಂಡಿಂಗ್ ಇಲ್ಲ, ಹಾಗಾಗಿ ಖರ್ಚೇ ಇಲ್ಲ ಎನ್ನುವವರು ಪುಸ್ತಕದ ಮೈಯನ್ನಷ್ಟೇ ತೂಗಿದ್ದಾರೆ. ಹತ್ತು ಹಸ್ತಪ್ರತಿ ಓದಿ ಒಂದನ್ನು ಆರಿಸುವುದು, ಲೇಖಕನ ಜೊತೆ ಕೂತು ತಿದ್ದುವುದು, ಕರಡು ನೋಡುವುದು, ಪುಟ ಕಟ್ಟುವುದು, ಮುಖಪುಟ ಬರೆಸುವುದು, ಇಂಥದ್ದೊಂದು ಪುಸ್ತಕ ಬಂದಿದೆ ಎಂದು ನಾಲ್ಕು ಊರಿಗೆ ತಿಳಿಸುವುದು, ಇವುಗಳಲ್ಲಿ ಯಾವುದೂ ಪರದೆಗೆ ಹೋದ ಮಾತ್ರಕ್ಕೆ ತಪ್ಪುವುದಿಲ್ಲ. ಅಚ್ಚಿನ ಪುಸ್ತಕದಲ್ಲಿ ಪ್ರಕಾಶಕನನ್ನು ಹಣ್ಣು ಮಾಡುವುದು ಕಾಗದದ ಬೆಲೆಗಿಂತ ಹೆಚ್ಚಾಗಿ ಮಾರಾಟಗಾರನ ಕಮಿಷನ್, ಅದಕ್ಕಿಂತಲೂ ಹೆಚ್ಚಾಗಿ ಆ ಮಾರಾಟಗಾರ ದುಡ್ಡು ಕೊಡಲು ತೆಗೆದುಕೊಳ್ಳುವ ಕಾಲ.

ಕನ್ನಡಕ್ಕೆ ಇದರ ಮೇಲೆ ಇನ್ನೊಂದು ಹೊರೆಯಿದೆ. ಭವಿಷ್ಯ ನುಡಿಯುವವರು ಇದನ್ನು ಗಮನಿಸಿದಂತೆ ಕಾಣುವುದಿಲ್ಲ. 1990ರ ದಶಕದಿಂದ ಈಚೆಗೆ ಬಂದ ಕನ್ನಡ ಪುಸ್ತಕಗಳಲ್ಲಿ ಬಹುಪಾಲು ಕಂಪ್ಯೂಟರಿನಲ್ಲೇ ಸಿದ್ಧವಾದವು. ಅವು ಈಗಾಗಲೇ ಡಿಜಿಟಲ್ ಆಗಿವೆ, ಒಂದು ಗುಂಡಿ ಒತ್ತಿದರೆ ಇ-ಪುಸ್ತಕವಾಗುತ್ತವೆ ಎಂದು ಹೊರಗಿನವರಿಗೆ ಅನ್ನಿಸುತ್ತದೆ. ಅಸಲಿಗೆ ಆ ಕಡತಗಳು ಇರುವುದು ಪೇಜ್‌ಮೇಕರಿನಲ್ಲಿ, ನುಡಿ, ಶ್ರೀಲಿಪಿ, ಆಕೃತಿಗಳ ಹಳೆಯ ಫಾಂಟುಗಳಲ್ಲಿ. ಪೇಜ್‌ಮೇಕರಿನ ಕೊನೆಯ ಆವೃತ್ತಿ ಬಂದದ್ದು 2001ರಲ್ಲಿ. ಅದಕ್ಕೆ ಯೂನಿಕೋಡ್ ತಿಳಿಯದು. ಹಳೆಯ ಫಾಂಟುಗಳಲ್ಲಿ ಕಡತದೊಳಗೆ ಅಡಗಿರುವುದು ಅಕ್ಷರದ ಗುರುತಲ್ಲ, ಅಕ್ಷರದ ಚೂರುಗಳ ಚಿತ್ರ. ಅರ್ಥ ಎಂಬ ಪದದಲ್ಲಿ ಅರ್ಕಾವತ್ತು ಕಣ್ಣಿಗೆ ಥಕಾರದ ಆಚೆ ಕಾಣುತ್ತದಾದ್ದರಿಂದ ಹಳೆಯ ಕಡತದಲ್ಲೂ ಅದು ಥಕಾರದ ಆಚೆಗೇ ಇರುತ್ತದೆ. ಯೂನಿಕೋಡಿನಲ್ಲಿ ಅದು ಉಚ್ಚಾರದ ಕ್ರಮದಲ್ಲಿ ಥಕಾರಕ್ಕಿಂತ ಮೊದಲು ಬರಬೇಕು. ಪರಿವರ್ತನೆಯ ತಂತ್ರಾಂಶಗಳು ಇದನ್ನು ಬಹುಮಟ್ಟಿಗೆ ಸರಿಪಡಿಸುತ್ತವೆ. ಆದರೆ ಒತ್ತಕ್ಷರಗಳ ಮೇಲೆ ಒತ್ತು ಬಂದಲ್ಲಿ, ಹಳಗನ್ನಡದ ಉಲ್ಲೇಖ ಬಂದಲ್ಲಿ, ನಡುವೆ ಇಂಗ್ಲಿಷ್ ಪದ ನುಸುಳಿದಲ್ಲಿ ಎಡವುತ್ತವೆ. ಮುನ್ನೂರು ಪುಟದ ಕಾದಂಬರಿಯನ್ನು ಮತ್ತೆ ಮೊದಲಿನಿಂದ ಕರಡು ನೋಡದೆ ಗತಿಯಿಲ್ಲ. ನೂರು ಹಳೆಯ ಪುಸ್ತಕಗಳಿರುವ ಪ್ರಕಾಶಕನಿಗೆ ಇದು ನೂರು ಪುಸ್ತಕಗಳನ್ನು ಹೊಸದಾಗಿ ಹೊರತಂದಷ್ಟೇ ಶ್ರಮ. ಖರ್ಚಿಲ್ಲ ಎಂದವರು ಈ ಲೆಕ್ಕವನ್ನು ಎಲ್ಲಿ ಬರೆದಿಟ್ಟಿದ್ದಾರೋ ತಿಳಿಯದು.

ಡಿಜಿಟಲ್ ತಂತ್ರಜ್ಞಾನ ಕನ್ನಡ ಪ್ರಕಾಶನಕ್ಕೆ ಮಾಡಿದ ಉಪಕಾರ ದೊಡ್ಡದೇ. ಆದರೆ ಅದು ನಡೆದದ್ದು ಪರದೆಯ ಮೇಲಲ್ಲ, ಅಚ್ಚುಕೂಟದ ಒಳಗೆ. ಮೊಳೆ ಜೋಡಣೆಯ ಕಾಲದಲ್ಲೂ ಆಫ್‌ಸೆಟ್ಟಿನ ಕಾಲದಲ್ಲೂ ಸಾವಿರ ಪ್ರತಿಗಿಂತ ಕಡಿಮೆ ಹಾಕಿದರೆ ಬಿಡಿ ಪ್ರತಿಯ ಖರ್ಚು ಏರಿಬಿಡುತ್ತಿತ್ತು. ಆದ್ದರಿಂದ ಮೊದಲ ಕವನ ಸಂಕಲನಕ್ಕೂ ಸಾವಿರ ಪ್ರತಿ. ಅದರಲ್ಲಿ ಎಂಟುನೂರು ಲೇಖಕನ ಮಂಚದ ಕೆಳಗೆ. ಡಿಜಿಟಲ್ ಮುದ್ರಣಯಂತ್ರ ಬಂದ ಮೇಲೆ ನೂರು ಬೇಕೆಂದರೆ ನೂರು, ಇಪ್ಪತ್ತು ಬೇಕೆಂದರೆ ಇಪ್ಪತ್ತು. ಮಾರಾಟವಾದಂತೆ ಮರುಮುದ್ರಣ ಮಾಡಿಕೊಳ್ಳಬಹುದು, ಪುಸ್ತಕ ಮುಗಿದುಹೋಯಿತು ಎಂದು ಕೈಚೆಲ್ಲಬೇಕಿಲ್ಲ. ಕಾಗದವನ್ನು ಕೊಲ್ಲಬೇಕಿದ್ದ ತಂತ್ರವೇ ಸಣ್ಣ ಪ್ರಕಾಶಕನಿಗೆ ಕಾಗದವನ್ನು ಮತ್ತೆ ಕೈಗೆಟುಕಿಸಿತು. ಸಾಫ್ಟ್‌ವೇರ್ ಉದ್ಯೋಗದಲ್ಲಿದ್ದ ವಸುಧೇಂದ್ರ ಛಂದ ಪುಸ್ತಕವನ್ನು ಕಟ್ಟಿದ್ದು, ಹೊಸ ಕಥೆಗಾರರ ಹಸ್ತಪ್ರತಿಗೆ ಬಹುಮಾನವಿಟ್ಟು ಅದನ್ನು ಹೊರತಂದದ್ದು ಕಾಗದದ ಮೇಲೆಯೇ. ಕಂಪ್ಯೂಟರ್ ಗೊತ್ತಿಲ್ಲದವರು ಮಾತ್ರ ಅಚ್ಚಿಗೆ ಅಂಟಿಕೊಂಡಿದ್ದಾರೆ ಎಂಬ ಗೇಲಿ ಇಲ್ಲಿ ತಿರುಗುಬಾಣವಾಗುತ್ತದೆ.

ಮಧ್ಯವರ್ತಿಯಿಲ್ಲದ ಲೋಕದ ಆಶ್ವಾಸನೆ ಖರ್ಚಿನ ವಾದಕ್ಕಿಂತಲೂ ಪೊಳ್ಳು. 2007ರಲ್ಲಿ ಅಮೆಜಾನ್ ಕಂಪನಿಯ ಇ-ಪುಸ್ತಕ ಓದುವ ಸಾಧನ ಕಿಂಡಲ್ ಬಂತು. 2011ರ ಮೇ ತಿಂಗಳಲ್ಲಿ ತನ್ನಲ್ಲಿ ಅಚ್ಚಿನ ಪುಸ್ತಕಗಳಿಗಿಂತ ಕಿಂಡಲ್ ಪುಸ್ತಕಗಳೇ ಹೆಚ್ಚು ಮಾರಾಟವಾಗುತ್ತಿವೆ ಎಂದು ಅಮೆಜಾನ್ ಪ್ರಕಟಿಸಿತು. ಅಚ್ಚಿನ ಯುಗಕ್ಕೆ ಶ್ರದ್ಧಾಂಜಲಿ ಬರೆದವರೆಲ್ಲ ಇದನ್ನು ಉದ್ಧರಿಸಿದರು. 2016ರ ಡಿಸೆಂಬರಿನಲ್ಲಿ ಅದೇ ಕಂಪನಿ ಭಾರತೀಯ ಭಾಷೆಗಳ ಇ-ಪುಸ್ತಕಗಳನ್ನು ಆರಂಭಿಸಿದಾಗ ಆರಿಸಿಕೊಂಡದ್ದು ಹಿಂದಿ, ತಮಿಳು, ಮರಾಠಿ, ಗುಜರಾತಿ, ಮಲಯಾಳಂ. ಕನ್ನಡ ಆ ಪಟ್ಟಿಯಲ್ಲಿ ಇರಲಿಲ್ಲ. ಎಂಟು ಜ್ಞಾನಪೀಠಗಳ ಭಾಷೆ, ಕೋಟಿಗಟ್ಟಲೆ ಜನರ ಭಾಷೆ, ಒಂದು ಕಂಪನಿಯ ಪಟ್ಟಿಯಲ್ಲಿ ಸೇರದ ಕಾರಣಕ್ಕೆ ಜಗತ್ತಿನ ಅತಿದೊಡ್ಡ ಇ-ಪುಸ್ತಕದ ಅಂಗಡಿಯ ಹೊರಗೆ ನಿಂತಿತು. ಅಚ್ಚಿನ ಕಾಲದಲ್ಲಿ ಹೀಗೆ ಆಗಿರಲಿಲ್ಲ. ಗಾಂಧಿ ಬಜಾರಿನ ಅಂಗಡಿಯವನು ಒಂದು ಪುಸ್ತಕವನ್ನು ಬೇಡವೆನ್ನಬಹುದು. ಕನ್ನಡವನ್ನೇ ಬೇಡವೆನ್ನಲು ಅವನಿಂದಾಗದು. ಪಟ್ಟಿಯೊಳಗೆ ಇದ್ದವರ ಸ್ಥಿತಿಯೂ ಅಷ್ಟೇನೂ ಸುಖದ್ದಲ್ಲ. ಕಿಂಡಲ್‌ನ ಸ್ವಯಂಪ್ರಕಾಶನದಲ್ಲಿ ಲೇಖಕನ ಪಾಲು ಶೇ 35 ಅಥವಾ ಶೇ 70. ಭಾರತದ ಮಾರಾಟಕ್ಕೆ ಶೇ 70 ಬೇಕಾದರೆ ಆ ಇ-ಪುಸ್ತಕವನ್ನು ಬೇರೆಲ್ಲೂ ಮಾರುವುದಿಲ್ಲ ಎಂದು ಒಪ್ಪಿಕೊಳ್ಳಬೇಕು. ಮುಖಬೆಲೆಯ ಅರ್ಧ ಕೇಳುವ ಪುಸ್ತಕ ವ್ಯಾಪಾರಿ ಇದರ ಮುಂದೆ ಧರ್ಮಾತ್ಮನಂತೆ ಕಾಣುತ್ತಾನೆ.

ಕೊಂಡ ಪುಸ್ತಕ ಕೊಂಡವನದ್ದೇ ಎಂಬ ಸಾದಾ ತಿಳಿವಳಿಕೆಯೂ ಇಲ್ಲಿ ನಡೆಯುವುದಿಲ್ಲ. 2009ರಲ್ಲಿ ಹಕ್ಕುಸ್ವಾಮ್ಯದ ಗೊಂದಲವೊಂದರ ಕಾರಣಕ್ಕೆ ಜಾರ್ಜ್ ಆರ್ವೆಲ್‌ನ ಎರಡು ಪುಸ್ತಕಗಳನ್ನು ಗ್ರಾಹಕರ ಕಿಂಡಲ್‌ಗಳ ಒಳಗಿನಿಂದಲೇ ಅಳಿಸಲಾಯಿತು; ಅವುಗಳಲ್ಲಿ ಒಂದು ‘1984’ ಎಂಬುದು ವಿಧಿಯ ಕುಚೇಷ್ಟೆ. 2019ರಲ್ಲಿ ಮೈಕ್ರೋಸಾಫ್ಟ್ ತನ್ನ ಇ-ಪುಸ್ತಕದ ಅಂಗಡಿಯ ಬಾಗಿಲು ಹಾಕಿದಾಗ ಗ್ರಾಹಕರಿಗೆ ದುಡ್ಡು ವಾಪಸಾಯಿತು, ಪುಸ್ತಕಗಳು ಮಾತ್ರ ಮಾಯವಾದವು. ಭಾರತದ್ದೇ ಉದಾಹರಣೆ ಬೇಕಾದರೆ ವೆಸ್ಟ್‌ಲ್ಯಾಂಡ್ ಇದೆ. ಅಮೆಜಾನ್ ಒಡೆತನದ ಆ ಪ್ರಕಾಶನವನ್ನು ಮುಚ್ಚುವ ಸುದ್ದಿ 2022ರ ಫೆಬ್ರವರಿಯಲ್ಲಿ ಬಂದಾಗ, ಅದರ ಪುಸ್ತಕಗಳು ಸಿಗುವಷ್ಟರಲ್ಲಿ ಕೊಂಡಿಟ್ಟುಕೊಳ್ಳಲು ಓದುಗರು ಅಂಗಡಿಗಳಿಗೆ ಓಡಿದರು. ಪುಸ್ತಕಗಳು ಮಾರಾಟವಾಗುತ್ತಲೇ ಇದ್ದವು. ಒಡೆಯನಿಗೆ ಆಸಕ್ತಿ ತೀರಿತ್ತು.

ಹಾಗಾದರೆ ಸ್ವತಂತ್ರ ಪ್ರಕಾಶನ ಹಿಂದೆ ಬದುಕಿದ್ದು ಹೇಗೆ? ಗಳಗನಾಥರು ತಮ್ಮ ಕಾದಂಬರಿಗಳ ಗಂಟನ್ನು ಹೊತ್ತು ಊರೂರು ಅಲೆದು ಮಾರಿದ ಕಥೆ ಕನ್ನಡದಲ್ಲಿ ಎಲ್ಲರಿಗೂ ಗೊತ್ತು. ಗೊತ್ತಿರುವ ಕಥೆಯಾದ್ದರಿಂದ ಅದನ್ನು ತ್ಯಾಗದ ಕಥೆಯಾಗಿ ಮಾತ್ರ ಓದುವ ರೂಢಿಯಾಗಿದೆ. ಅದರಲ್ಲಿ ವ್ಯಾಪಾರದ ಒಂದು ಜಾಣತನವೂ ಇತ್ತು: ಯಾವ ಊರಿನ ಯಾವ ಮನೆಯಲ್ಲಿ ಓದುವವರಿದ್ದಾರೆ ಎಂಬುದು ಅವರಿಗೆ ಗೊತ್ತಿತ್ತು. ಧಾರವಾಡದಲ್ಲಿ ಜಿ. ಬಿ. ಜೋಶಿಯವರು 1933ರಲ್ಲಿ ಮನೋಹರ ಗ್ರಂಥಮಾಲೆಯನ್ನು ಆರಂಭಿಸಿದಾಗ ಇದೇ ತಿಳಿವಳಿಕೆ ಒಂದು ವ್ಯವಸ್ಥೆಯಾಯಿತು. ಓದುಗರು ಚಂದಾ ಕಟ್ಟಿ ಮಾಲೆಯ ಸದಸ್ಯರಾಗುತ್ತಿದ್ದರು. ಮಾಲೆ ಕಳಿಸಿದ ಪುಸ್ತಕಗಳು ಅವರ ಮನೆಗೆ ಹೋಗುತ್ತಿದ್ದವು. ಯಾವ ಪುಸ್ತಕ ಎಂಬುದು ಓದುಗರಿಗೆ ಮೊದಲೇ ತಿಳಿದಿರಬೇಕೆಂದಿರಲಿಲ್ಲ. ಜೋಶಿಯವರ ಮೇಲೆ, ಅವರಿಗೆ ಸಲಹೆಗಾರರಾಗಿದ್ದ ಕೀರ್ತಿನಾಥ ಕುರ್ತಕೋಟಿಯವರ ಮೇಲೆ ಇದ್ದ ವಿಶ್ವಾಸವೇ ಬಂಡವಾಳ. 1961ರಲ್ಲಿ ಗಿರೀಶ ಕಾರ್ನಾಡ ಎಂಬ ಇಪ್ಪತ್ತರ ಹರೆಯದ ಅಪರಿಚಿತನ ‘ಯಯಾತಿ’ಯನ್ನು, 1965ರಲ್ಲಿ ಅನಂತಮೂರ್ತಿಯವರ ‘ಸಂಸ್ಕಾರ’ವನ್ನು ಹೊರತರುವ ಧೈರ್ಯ ಬಂದದ್ದು ಈ ವಹಿಯಿಂದ. ಮಾರುಕಟ್ಟೆಯ ಅಂದಾಜಿಗೆ ಬಿಟ್ಟಿದ್ದರೆ ಅಂಥ ನಾಟಕಕ್ಕೆ ಗಿರಾಕಿ ಎಲ್ಲಿಂದ ಬರಬೇಕಿತ್ತು?

ಕುವೆಂಪು ಅವರ ಪುಸ್ತಕಗಳು ಮೈಸೂರಿನ ಅವರ ಮನೆಯದೇ ಹೆಸರಿನ ಉದಯರವಿ ಪ್ರಕಾಶನದಿಂದ ಬಂದವು. ಮುಂದೆ ಪೂರ್ಣಚಂದ್ರ ತೇಜಸ್ವಿ ತಮ್ಮ ಬರಹಗಳಿಗಾಗಿ ಪುಸ್ತಕ ಪ್ರಕಾಶನವನ್ನು ನೆಚ್ಚಿಕೊಂಡರು. ಕನ್ನಡ ತಂತ್ರಾಂಶಕ್ಕಾಗಿ ಹಟ ಹಿಡಿದು ಓಡಾಡಿದವರೂ ಅವರೇ ಎಂಬುದನ್ನು ಅಚ್ಚು ಮತ್ತು ಡಿಜಿಟಲ್ಲನ್ನು ಹಾವು ಮುಂಗುಸಿ ಮಾಡುವವರು ಮರೆಯುತ್ತಾರೆ. ಪತ್ರಿಕೆಗಳಲ್ಲಿ 1980ರಲ್ಲಿ ಆರಂಭವಾದ ‘ಲಂಕೇಶ್ ಪತ್ರಿಕೆ’ ಜಾಹೀರಾತನ್ನೇ ದೂರವಿಟ್ಟು ವಾರ ವಾರ ಪ್ರತಿ ಕೊಳ್ಳುವವರ ಚಿಲ್ಲರೆ ಕಾಸಿನ ಮೇಲೆ ನಡೆಯಿತು. ಮುಖ್ಯಮಂತ್ರಿಗಳನ್ನು ಬೈಯುವ ಶಕ್ತಿ ಬಂದದ್ದು ಸಂಪಾದಕರ ಧಾರ್ಷ್ಟ್ಯದಿಂದ ಎಷ್ಟೋ, ಆ ಕಾಸಿನಿಂದಲೂ ಅಷ್ಟೇ.

ಇದು ಬರೀ ಹಳೆಯ ಕಾಲದ ಹಂಬಲವೆಂದು ತಳ್ಳಿಹಾಕುವವರಿಗೆ ಉತ್ತರ 2025ರ ಮೇ 20ರಂದು ಲಂಡನ್ನಿನಲ್ಲಿ ಸಿಕ್ಕಿತು. ಬಾನು ಮುಷ್ತಾಕ್ ಅವರ ಕಥೆಗಳನ್ನು ದೀಪಾ ಭಾಸ್ತಿ ಇಂಗ್ಲಿಷಿಗೆ ತಂದ ‘ಹಾರ್ಟ್ ಲ್ಯಾಂಪ್’ ಅಂತರರಾಷ್ಟ್ರೀಯ ಬೂಕರ್ ಗೆದ್ದ ದಿನ ಅದು. ಬ್ರಿಟನ್ನಿನಲ್ಲಿ ಅದನ್ನು ಪ್ರಕಟಿಸಿದ್ದು ಶೆಫೀಲ್ಡಿನ ‘ಆ್ಯಂಡ್ ಅದರ್ ಸ್ಟೋರೀಸ್’ ಎಂಬ ಸಣ್ಣ ಪ್ರಕಾಶನ. ಅದು ನಡೆಯುವುದು ಮುಂಗಡ ಚಂದಾ ಕಟ್ಟುವ ಓದುಗರ ಆಸರೆಯಲ್ಲಿ. ಚಂದಾದಾರರ ಹೆಸರುಗಳನ್ನು ಪುಸ್ತಕದ ಕೊನೆಯಲ್ಲಿ ಅಚ್ಚು ಹಾಕುತ್ತಾರೆ. ಜೋಶಿಯವರ ಗ್ರಂಥಮಾಲೆ ನಡೆಯುತ್ತಿದ್ದ ಧಾರವಾಡದ ಅಟ್ಟದಲ್ಲಿ ಕೂತಿದ್ದವರಿಗೆ ಇದರಲ್ಲಿ ಹೊಸದೇನೂ ಕಾಣುತ್ತಿರಲಿಲ್ಲ. 2022ರಲ್ಲಿ ಇದೇ ಬಹುಮಾನ ಪಡೆದ ಗೀತಾಂಜಲಿ ಶ್ರೀ ಅವರ ಹಿಂದಿ ಕಾದಂಬರಿಯ ಅನುವಾದವನ್ನೂ ಅಲ್ಲಿ ಹೊರತಂದದ್ದು ಟಿಲ್ಟೆಡ್ ಆಕ್ಸಿಸ್ ಎಂಬ ಇಂಥದ್ದೇ ಸಣ್ಣ ಸಂಸ್ಥೆ. ಭಾರತದ ಭಾಷೆಗಳಿಗೆ ಈ ಬಹುಮಾನ ಎರಡು ಸಲ ಬಂದಿದೆ; ಎರಡು ಸಲವೂ ಸಣ್ಣ ಮನೆಯ ಬಾಗಿಲಿನಿಂದ.

ಕನ್ನಡ ಪ್ರಕಾಶಕರ ವಹಿ ಕಳೆದುಹೋದದ್ದು ಹೇಗೆ ಎಂಬುದಕ್ಕೆ ಮೊಬೈಲನ್ನು ದೂರುವುದು ಸುಲಭ. ಅದು ಕಳೆದದ್ದು ಮೊಬೈಲು ಬರುವ ಎಷ್ಟೋ ಮೊದಲು, ಗ್ರಂಥಾಲಯ ಇಲಾಖೆಯ ಸಗಟು ಖರೀದಿಯ ಕಾಲದಲ್ಲಿ. 1965ರ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯ ಪ್ರಕಾರ ಆಸ್ತಿ ತೆರಿಗೆಯ ಜೊತೆ ಗ್ರಂಥಾಲಯ ಕರ ವಸೂಲಾಗುತ್ತದೆ. ಅದು ಈಗ ಶೇ 6. ಆ ಹಣದಿಂದ ಕನ್ನಡ ಪುಸ್ತಕ ಕೊಳ್ಳುವುದು ಒಳ್ಳೆಯ ಉದ್ದೇಶವೇ, ಹಳ್ಳಿಯ ವಾಚನಾಲಯಕ್ಕೆ ಹೊಸ ಪುಸ್ತಕ ಹೋದದ್ದೂ ಹಾಗೆಯೇ. ಆದರೆ ಆಯ್ಕೆಯಾದ ಪುಸ್ತಕದ ಸುಮಾರು ಮುನ್ನೂರು ಪ್ರತಿಗಳನ್ನು ಒಂದೇ ಕಡೆ ಕೊಳ್ಳುವ ಗಿರಾಕಿ ಸಿಕ್ಕಿದ ಮೇಲೆ ಉಳಿದ ಗಿರಾಕಿಗಳನ್ನು ಹುಡುಕುವ ಕೆಲಸ ಪ್ರಕಾಶಕನಿಗೆ ಬೇಡವಾಯಿತು. ಪುಟಕ್ಕೆ ಇಷ್ಟು ಪೈಸೆ ಎಂಬ ದರಕ್ಕೆ ತಕ್ಕಂತೆ ಪುಸ್ತಕ ದಪ್ಪವಾಯಿತು, ಅಕ್ಷರ ಹಿಗ್ಗಿತು, ಕಾಗದ ತೆಳುವಾಯಿತು. ಒಂದೇ ಮನೆಯಲ್ಲಿ ನಾಲ್ಕು ಪ್ರಕಾಶನಗಳ ಫಲಕಗಳು ಹುಟ್ಟಿಕೊಂಡವು. ಅಂಗಡಿಯಲ್ಲಿ ಎಂದೂ ಕಾಣದ, ಓದುಗನನ್ನು ಮನಸ್ಸಿನಲ್ಲಿಟ್ಟುಕೊಳ್ಳದ ಇಂಥ ಪುಸ್ತಕಗಳಿಗೆ ‘ಲೈಬ್ರರಿ ಪುಸ್ತಕ’ ಎಂಬ ಅಡ್ಡಹೆಸರೇ ಬಿತ್ತು. ಖರೀದಿ ತಡವಾದ ವರ್ಷ, ಬಿಲ್ಲು ಬಾಕಿ ಉಳಿದ ವರ್ಷ ಇಡೀ ಉದ್ಯಮ ಉಸಿರುಗಟ್ಟಿತು. ಓದುಗರಿಲ್ಲ ಎಂಬ ಗೋಳು ಆಗ ಶುರುವಾದದ್ದು. ಓದುಗರು ಎಲ್ಲಿದ್ದಾರೆಂದು ಪ್ರಕಾಶಕ ಮರೆತಿದ್ದ ಎಂದರೆ ನಿಜಕ್ಕೆ ಹತ್ತಿರ.

ಡಿಜಿಟಲ್ ವೇದಿಕೆ ಈ ಸಗಟು ಖರೀದಿಯ ತಮ್ಮ. ಅಲ್ಲಿ ಇಲಾಖೆಯೊಂದೇ ಗಿರಾಕಿಯಾಗಿತ್ತು. ಇಲ್ಲಿ ವೇದಿಕೆಯೊಂದೇ ಅಂಗಡಿ. ದರ ಅವರದ್ದು, ಪಾವತಿಯ ಕಾಲ ಅವರದ್ದು, ಯಾವುದು ಕಣ್ಣಿಗೆ ಬೀಳಬೇಕೆಂಬ ಆಯ್ಕೆ ಅವರದ್ದು. ಯಾರು ಕೊಂಡರು, ಯಾವ ಊರಿನವರು, ಹಿಂದೆ ಇದೇ ಪ್ರಕಾಶಕನ ಯಾವ ಪುಸ್ತಕ ಓದಿದ್ದರು ಎಂಬುದು ವೇದಿಕೆಗೆ ಗೊತ್ತು, ಪ್ರಕಾಶಕನಿಗೆ ಗೊತ್ತಿಲ್ಲ. ಇಷ್ಟು ಸಂಖ್ಯೆ ಮಾರಾಟವಾಯಿತು ಎಂಬ ಒಂದು ಸಾಲು ತಿಂಗಳ ಕೊನೆಗೆ ಬರುತ್ತದೆ. ಗಳಗನಾಥರಿಗೆ ಬಾಯಿಪಾಠವಾಗಿದ್ದದ್ದು ಇವತ್ತಿನ ಪ್ರಕಾಶಕನಿಗೆ ವ್ಯಾಪಾರದ ಗುಟ್ಟೆಂಬ ಹೆಸರಿನಲ್ಲಿ ಮುಚ್ಚಿಡಲಾಗಿದೆ.

ಪರದೆಯ ಮೇಲೆ ಬಂದದ್ದು ಶಾಶ್ವತ ಎಂಬ ಮಾತನ್ನು ಹೆಚ್ಚು ಎಳೆಯಬೇಕಿಲ್ಲ. ಅಡಿಗರ ‘ಸಾಕ್ಷಿ’ 1962ರಲ್ಲಿ, ಧಾರವಾಡದ ‘ಸಂಕ್ರಮಣ’ 1964ರಲ್ಲಿ ಶುರುವಾದವು. ಅವುಗಳ ಹಳೆಯ ಸಂಚಿಕೆಗಳು ಇಂದಿಗೂ ಯಾರದೋ ಕಪಾಟಿನಿಂದ ಹೊರಬರುತ್ತವೆ. ಈ ಶತಮಾನದ ಮೊದಲ ದಶಕದಲ್ಲಿ ಹುಟ್ಟಿ ನಿಂತುಹೋದ ಅಂತರ್ಜಾಲ ಪತ್ರಿಕೆಗಳಲ್ಲಿ ಹಲವನ್ನು ಹುಡುಕಿದರೆ ಸಿಗುವುದು ಖಾಲಿ ಪುಟ, ಯಾಕೆಂದರೆ ಡೊಮೈನಿನ ಬಾಡಿಗೆ ಕಟ್ಟುವವರು ಒಂದು ವರ್ಷ ಮರೆತರು. ಭಾರತೀಯ ವಿಜ್ಞಾನ ಸಂಸ್ಥೆ ಮುಖ್ಯ ಕೇಂದ್ರವಾಗಿದ್ದ ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾ ಸಾವಿರಾರು ಕನ್ನಡ ಪುಸ್ತಕಗಳನ್ನು ಸ್ಕ್ಯಾನ್ ಮಾಡಿತು, ಕೊನೆಗೆ ಅದರ ತಾಣವೇ ನಿಂತುಹೋಯಿತು. ಇಂಟರ್‌ನೆಟ್ ಆರ್ಕೈವ್‌ನಲ್ಲಿ ನಕಲು ಇಟ್ಟಿದ್ದರಿಂದ ಪುಸ್ತಕಗಳು ಉಳಿದವು. ಆ ಸ್ಕ್ಯಾನು ಸಾಧ್ಯವಾದದ್ದೂ ಕಾಗದದ ಪ್ರತಿ ಎಲ್ಲೋ ಉಳಿದಿದ್ದರಿಂದ.

ಇಷ್ಟರಿಂದ ಇ-ಪುಸ್ತಕವೇ ಬೇಡವೆಂದಾಗುವುದಿಲ್ಲ. ಹೊರದೇಶಗಳಲ್ಲಿರುವ ಕನ್ನಡಿಗರಿಗೆ ಅಂಚೆಯ ವೆಚ್ಚ ಪುಸ್ತಕದ ಬೆಲೆಯನ್ನು ಮೀರುತ್ತದೆ. ಅವರಿಗೆ ಇ-ಪುಸ್ತಕವೇ ಪುಸ್ತಕ. ಕಣ್ಣು ಕಾಣದವರಿಗೆ ಯೂನಿಕೋಡ್ ಪಠ್ಯವನ್ನು ತಂತ್ರಾಂಶ ಓದಿ ಹೇಳುತ್ತದೆ. ಅಚ್ಚಿನ ಹಾಳೆ ಅದನ್ನು ಮಾಡದು. ಕಾರು ಓಡಿಸುತ್ತ, ಅಡುಗೆ ಮಾಡುತ್ತ ಕೇಳುವವರಿಗೆ ಧ್ವನಿಪುಸ್ತಕ ಬಂದಿದೆ. ಕನ್ನಡ ಇಂಥದ್ದನ್ನು ಯಾರೋ ಕೊಡಲಿ ಎಂದು ಕಾಯುತ್ತಲೂ ಕೂರಲಿಲ್ಲ. 2020ರಲ್ಲಿ ಆರಂಭವಾದ ಮೈಲ್ಯಾಂಗ್ ಕನ್ನಡದ ಇ-ಪುಸ್ತಕ ಮತ್ತು ಧ್ವನಿಪುಸ್ತಕಗಳನ್ನು ದುಡ್ಡು ಕೊಟ್ಟು ಕೊಳ್ಳುವ ಅಭ್ಯಾಸ ಬೆಳೆಸಲು ಹೊರಟಿತು. ಋತುಮಾನ ಅಂತರ್ಜಾಲ ಪತ್ರಿಕೆಯಾಗಿದ್ದುಕೊಂಡೇ ಅಚ್ಚಿನ ಪುಸ್ತಕಗಳನ್ನೂ ತಂದಿತು. ಇವು ಪರದೆಯ ಮೇಲಿವೆ ಎಂಬುದಕ್ಕಿಂತ, ಕನ್ನಡ ಓದುಗರನ್ನು ತಾವಾಗಿಯೇ ಹುಡುಕಿಕೊಂಡು ಹೊರಟಿವೆ ಎಂಬುದು ಹೆಚ್ಚಿನ ಸಂಗತಿ. ಆದರೂ ಇಲ್ಲಿಗೆ ಪುಸ್ತಕ ಕೊಡುವ ಪ್ರಕಾಶಕ ಓದುಗರ ಪಟ್ಟಿಯಲ್ಲಿ ತನಗೂ ಪಾಲು ಕೇಳುವುದು ಒಳ್ಳೆಯದು. ಕನ್ನಡದ್ದೇ ವೇದಿಕೆ ಎಂಬ ಪ್ರೀತಿಗೆ ಒಪ್ಪಂದದ ಕಾಗದವನ್ನು ಓದದೆ ಸಹಿ ಹಾಕಬೇಕಾಗಿಲ್ಲ.

ಸಣ್ಣ ಪ್ರಕಾಶಕರಲ್ಲಿ ಹಲವರ ಮಾರಾಟ ಇವತ್ತು ನಡೆಯುವ ಬಗೆ ಎರಡು ಪಂಥಗಳಿಗೂ ಅರ್ಥವಾಗದಂಥದ್ದು. ಮುಖಪುಟದ ಚಿತ್ರ ಫೇಸ್‌ಬುಕ್ಕಿನಲ್ಲಿ ಬರುತ್ತದೆ, ಓದುಗ ವಾಟ್ಸ್ಆ್ಯಪ್ಪಿನಲ್ಲಿ ವಿಳಾಸ ಕಳಿಸುತ್ತಾನೆ, ಯುಪಿಐನಲ್ಲಿ ದುಡ್ಡು ಹಾಕುತ್ತಾನೆ, ಪ್ರಕಾಶಕ ಪೊಟ್ಟಣ ಕಟ್ಟಿ ಅಂಚೆಗೆ ಹಾಕುತ್ತಾನೆ. ಇದನ್ನು ಅಚ್ಚು ಎನ್ನಬೇಕೋ ಡಿಜಿಟಲ್ ಎನ್ನಬೇಕೋ? ಕಳೆದುಹೋಗಿದ್ದ ವಹಿ ಹೊಸ ರೂಪದಲ್ಲಿ ಪ್ರಕಾಶಕನ ಕೈಗೆ ಮರಳುತ್ತಿದೆ, ಕಮಿಷನ್ ಉಳಿಯುತ್ತಿದೆ, ದುಡ್ಡು ಮುಂಗಡವಾಗಿ ಬರುತ್ತಿದೆ. ಈ ವ್ಯವಸ್ಥೆಯಲ್ಲಿ ಅತಿ ದುರ್ಬಲವಾದ ಕೊಂಡಿ ಕಾಗದವೂ ಅಲ್ಲ, ಪರದೆಯೂ ಅಲ್ಲ, ಅಂಚೆ. 2024ರ ಡಿಸೆಂಬರಿನಲ್ಲಿ ಅಂಚೆ ಇಲಾಖೆ ಪುಸ್ತಕಗಳಿಗಿದ್ದ ರಿಯಾಯಿತಿ ದರದ ಸೇವೆಯನ್ನು ಇದ್ದಕ್ಕಿದ್ದಂತೆ ಕೈಬಿಟ್ಟಿತು. 2025ರ ಮೇ 1ರಿಂದ ‘ಜ್ಞಾನ ಪೋಸ್ಟ್’ ಎಂಬ ಹೆಸರಿನಲ್ಲಿ ಇನ್ನೊಂದು ಸೇವೆ ಬಂತು: 300 ಗ್ರಾಂವರೆಗೆ 20 ರೂಪಾಯಿ, 5 ಕಿಲೋಗೆ 100 ರೂಪಾಯಿ, ತೆರಿಗೆ ಬೇರೆ. ನಡುವಿನ ನಾಲ್ಕು ತಿಂಗಳು ಸಣ್ಣ ಪ್ರಕಾಶಕ ಪುಸ್ತಕದ ಲಾಭವನ್ನೆಲ್ಲ ಸಾಗಾಟಕ್ಕೆ ಸುರಿಯಬೇಕಾಯಿತು. ಅಚ್ಚಿನ ಅಂತ್ಯದ ಬಗ್ಗೆ ಭಾಷಣ ಮಾಡುವ ವೇದಿಕೆಗಳಲ್ಲಿ ಇದು ಚರ್ಚೆಯ ವಿಷಯವೇ ಆಗಲಿಲ್ಲ.

ತೆರಿಗೆಯ ಕಥೆಯೂ ಹೀಗೆಯೇ. 2017ರಲ್ಲಿ ಜಿಎಸ್‌ಟಿ ಬಂದಾಗ ಅಚ್ಚಿನ ಪುಸ್ತಕಕ್ಕೆ ವಿನಾಯಿತಿ ಸಿಕ್ಕಿತು. ಆದರೆ ಅದರ ಕಾಗದಕ್ಕೆ, ಮುದ್ರಣಕ್ಕೆ ಕಟ್ಟಿದ ತೆರಿಗೆಯನ್ನು ಪ್ರಕಾಶಕ ಹಿಂದಕ್ಕೆ ಪಡೆಯುವಂತಿರಲಿಲ್ಲ. ಇ-ಪುಸ್ತಕಕ್ಕೆ ಬಿದ್ದದ್ದು ಶೇ 18. ದೂರುಗಳಾದ ಮೇಲೆ 2018ರ ಜುಲೈನಲ್ಲಿ ಅದನ್ನು ಶೇ 5ಕ್ಕೆ ಇಳಿಸಲಾಯಿತು, ಅಚ್ಚಿನ ರೂಪವೂ ಇರುವ ಇ-ಪುಸ್ತಕಗಳಿಗೆ ಮಾತ್ರ. ಕಾಗದವನ್ನು ಮುಟ್ಟದೆ ನೇರ ಪರದೆಗೆ ಬರುವ ಪುಸ್ತಕ, ಅಂದರೆ ಭವಿಷ್ಯವಾದಿಗಳು ಕನಸು ಕಂಡ ಪುಸ್ತಕವೇ, ಆ ರಿಯಾಯಿತಿಯ ಹೊರಗೆ ಉಳಿಯಿತು.